ಕ್ರೋಮಿಯಂ-ಜಿರ್ಕೋನಿಯಂ ತಾಮ್ರವನ್ನು ಹದಗೊಳಿಸುವುದು: ಗಡಸುತನವೂ ವಾಹಕತೆಯೂ ಒಟ್ಟಿಗೆ ಕೈಗೆ ಬರುವ ಕ್ರಮ

ಸ್ಪಾಟ್ ವೆಲ್ಡಿಂಗ್ (ಎರಡು ತಗಡನ್ನು ಒತ್ತಿ ವಿದ್ಯುತ್ತಿನಿಂದ ಚುಕ್ಕಿಯಲ್ಲಿ ಬೆಸೆಯುವ) ಯಂತ್ರದ ಮೊನೆ, ಅಂದರೆ ಟಿಪ್‌ನಿಂದ ನಾವು ಎರಡು ಕೆಲಸ ಕೇಳುತ್ತೇವೆ. ಸಾವಿರಾರು ಆಂಪಿಯರ್ ವಿದ್ಯುತ್ತು ಹರಿದರೂ ಅದು ತಾನು ಕಾಯಬಾರದು. ಕಾದ ತಗಡನ್ನು ನೂರಾರು ಕಿಲೋ ಭಾರದಲ್ಲಿ ಅದುಮಿದರೂ ಅದರ ಮೂತಿ ಅಣಬೆಯಂತೆ ಅರಳಬಾರದು. ಅಚ್ಚ ತಾಮ್ರ ಮೊದಲನೆಯದನ್ನು ಚೆನ್ನಾಗಿ ಮಾಡುತ್ತದೆ, ಎರಡನೆಯದರಲ್ಲಿ ಸೋಲುತ್ತದೆ. ಹಿತ್ತಾಳೆ, ಕಂಚುಗಳದ್ದು ಇದರ ತಿರುವುಮುರುವು. ಎರಡನ್ನೂ ಒಪ್ಪುವಷ್ಟು ಮಾಡಬಲ್ಲದ್ದು ಕ್ರೋಮಿಯಂ-ಜಿರ್ಕೋನಿಯಂ ತಾಮ್ರ, ಅಂದರೆ ಸಿ18150 ಎಂಬ ಸಂಖ್ಯೆಯ ಮಿಶ್ರಲೋಹ. ಆದರೆ ಬೆರಕೆ ಸರಿಯಿದ್ದ ಮಾತ್ರಕ್ಕೆ ಆಗದು. ಒಂದೇ ಎರಕದಿಂದ ಬಂದ ಎರಡು ಸರಳುಗಳಲ್ಲಿ ಒಂದು 150 ಎಚ್‌ವಿ (ವಿಕರ್ಸ್ ಗಡಸುತನದ ಅಳತೆ) ಗಡಸು, ಇನ್ನೊಂದು 90 ಎಚ್‌ವಿ ಆಗಬಹುದು. ವ್ಯತ್ಯಾಸವೆಲ್ಲ ಕುಲುಮೆಯಲ್ಲಿ ಹುಟ್ಟುತ್ತದೆ.

ಈ ಲೇಖನ ಒತ್ತಿ ಹೇಳುವುದು ಒಂದೇ ಸಂಗತಿ: ಗಡಸುತನದ ಅಂಕಿಯನ್ನು ಒಂಟಿಯಾಗಿ ನಂಬಬೇಡಿ. ಪಕ್ಕದಲ್ಲಿ ವಾಹಕತೆಯ ಅಂಕಿಯನ್ನೂ ಇಟ್ಟುಕೊಂಡರೆ ಲೋಹದ ಒಳಗೆ ಏನಾಗಿದೆ ಎಂಬುದನ್ನು ಸೂಕ್ಷ್ಮದರ್ಶಕವಿಲ್ಲದೆಯೂ ಓದಬಹುದು.

ಕರಗಿದ ಪರಮಾಣುವಿನ ಬೆಲೆ

ವಾಹಕತೆಯನ್ನು ಐಎಸಿಎಸ್ (ತಾಮ್ರದ ವಾಹಕತೆಯ ಅಂತರರಾಷ್ಟ್ರೀಯ ಮಾನದಂಡ) ಶೇಕಡಾದಲ್ಲಿ ಹೇಳುವ ರೂಢಿ 1913ರಿಂದ ಇದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 1.7241 ಮೈಕ್ರೋಓಮ್-ಸೆಂಟಿಮೀಟರ್ ರೋಧಶೀಲತೆ (ವಿದ್ಯುತ್ತಿಗೆ ಲೋಹ ಒಡ್ಡುವ ತಡೆ) ಇರುವ ತಾಮ್ರಕ್ಕೆ 100%. ಲೆಕ್ಕ ಸುಲಭ: 172.41ನ್ನು ರೋಧಶೀಲತೆಯಿಂದ ಭಾಗಿಸಿದರೆ ಶೇಕಡಾ ಸಿಗುತ್ತದೆ.

ತಾಮ್ರದ ಸ್ಫಟಿಕ ಜಾಲದಲ್ಲಿ ಬೇರೆ ಪರಮಾಣು ಕರಗಿ ಕೂತರೆ ಓಡುವ ಎಲೆಕ್ಟ್ರಾನ್ ಅದಕ್ಕೆ ಎಡವುತ್ತದೆ. ಬೆರಕೆ ಕಡಿಮೆಯಿದ್ದಾಗ ಪ್ರತಿಯೊಂದು ಬೆರಕೆಯೂ ತನ್ನ ಪಾಲಿನ ರೋಧವನ್ನು ಕೂಡಿಸುತ್ತ ಹೋಗುತ್ತದೆ. ಮ್ಯಾಥೀಸನ್ ನಿಯಮ ಹೇಳುವುದು ಇದನ್ನೇ. ತೂಕದಲ್ಲಿ 1% ಕರಗಿದರೆ ಕೂಡುವ ರೋಧಶೀಲತೆ, ಮೈಕ್ರೋಓಮ್-ಸೆಂಟಿಮೀಟರ್‌ನಲ್ಲಿ, ಸುಮಾರು ಹೀಗಿದೆ: ಸತು 0.29, ಬೆಳ್ಳಿ 0.36, ನಿಕಲ್ 1.2, ತವರ 1.65, ಕ್ರೋಮಿಯಂ 4.9, ಸಿಲಿಕಾನ್ 7, ಕಬ್ಬಿಣ 10.6, ರಂಜಕ 14.3, ಟೈಟಾನಿಯಂ 21.6.

ಈ ಪಟ್ಟಿಯನ್ನು ಕುಲುಮೆಯ ಪಕ್ಕದ ಗೋಡೆಗೆ ಅಂಟಿಸಿಡುವುದು ಒಳ್ಳೆಯದು. 0.1% ಬೆಳ್ಳಿ ಬೆರೆಸಿದರೆ ತಾಮ್ರ ಇನ್ನೂ 98% ವಾಹಕವಾಗಿಯೇ ಉಳಿಯುತ್ತದೆ. ಅದೇ 0.02% ರಂಜಕ ಉಳಿದರೂ ಸಾಕು, 85ರ ಆಸುಪಾಸಿಗೆ ಇಳಿಯುತ್ತದೆ. ನೀರಿನ ಪೈಪಿಗೆ ಬಳಸುವ ರಂಜಕದ ತಾಮ್ರವನ್ನು ಹೆಚ್ಚು ವಿದ್ಯುತ್ತು ಸಾಗಿಸುವ ಪಟ್ಟಿಯಾದ ಬಸ್‌ಬಾರ್‌ಗೆ ಬಳಸಬಾರದು ಎನ್ನುವುದು ಇದಕ್ಕೇ.

ಕರಗಿದ ಪರಮಾಣು ಬಲವನ್ನೂ ಕೊಡುತ್ತದೆ, ಆದರೆ ಸ್ವಲ್ಪವೇ. ಹೆಚ್ಚು ಬಲ ಬೇಕೆಂದರೆ ಹೆಚ್ಚು ಬೆರೆಸಬೇಕು, ಹೆಚ್ಚು ವಾಹಕತೆ ತೆರಬೇಕು. 5% ತವರದ ಕಂಚು 15%ಗೆ ಇಳಿದಿರುವುದು ಹೀಗೆ.

ಕಣಗಳ ದಾರಿ ಬೇರೆ. ಬಿಸಿ ಪಾಕದಲ್ಲಿ ಕರಗಿದ್ದ ಸಕ್ಕರೆ ಆರಿದ ಮೇಲೆ ಹರಳುಗಟ್ಟಿ ಹೊರಬರುವಂತೆ, ಹೆಚ್ಚು ಬಿಸಿಯಲ್ಲಿ ತಾಮ್ರದೊಳಗೆ ಕರಗಿದ ಕ್ರೋಮಿಯಂ ಕಡಿಮೆ ಬಿಸಿಯಲ್ಲಿ ನ್ಯಾನೋಮೀಟರ್ ಗಾತ್ರದ ಕಣಗಳಾಗಿ ಹೊರಬರುತ್ತದೆ. ಜಾಲ ಶುದ್ಧವಾಗುವುದರಿಂದ ವಾಹಕತೆ ಏರುತ್ತದೆ. ಒತ್ತೊತ್ತಾಗಿ ಕೂತ ಕಣಗಳು ಜಾಲದಲ್ಲಿ ಜಾರುವ, ಪರಮಾಣು ಸಾಲು ತಪ್ಪಿದ ಗೆರೆಗಳಾದ ಡಿಸ್‌ಲೊಕೇಶನ್‌ಗಳಿಗೆ ಅಡ್ಡ ನಿಲ್ಲುವುದರಿಂದ ಗಡಸುತನವೂ ಏರುತ್ತದೆ. ಎರಡೂ ಒಟ್ಟಿಗೆ ಏರುವ ಹೊತ್ತು ಇದೊಂದೇ. ಇನ್ನೂ ಕಾಯಿಸುತ್ತ ಹೋದರೆ ಚಿಕ್ಕ ಕಣಗಳು ಕರಗಿ ದೊಡ್ಡವು ಬೆಳೆಯುತ್ತವೆ, ನಡುವಿನ ಅಂತರ ಹೆಚ್ಚುತ್ತದೆ, ಗಡಸುತನ ಇಳಿಯುತ್ತದೆ. ವಾಹಕತೆ ಮಾತ್ರ ನಿಧಾನವಾಗಿ ಏರುತ್ತಲೇ ಇರುತ್ತದೆ. ಅಂಕಿಗಳು ಜೊತೆ ಬಿಟ್ಟು ಬೇರೆ ದಾರಿ ಹಿಡಿದರೆ ಹದ ಮೀರಿದೆ ಎಂದೇ ಅರ್ಥ.

ಬೆರಕೆ ಆರಿಸುವಾಗ

ಟಿಪ್‌ಗೆ 0.6ರಿಂದ 0.9% ಕ್ರೋಮಿಯಂ, 0.07ರಿಂದ 0.15% ಜಿರ್ಕೋನಿಯಂ ಸಾಕು. ಹೆಚ್ಚು ಕ್ರೋಮಿಯಂ ಹಾಕಿದರೆ ಹೆಚ್ಚು ಬಲ ಬರುತ್ತದೆಂಬ ನಂಬಿಕೆ ವರ್ಕ್‌ಶಾಪುಗಳಲ್ಲಿ ಗಟ್ಟಿಯಾಗಿ ಕೂತಿದೆ. ಅದು ತಪ್ಪು. ತಾಮ್ರ ಕ್ರೋಮಿಯಂ ಅನ್ನು ಅತಿ ಹೆಚ್ಚು ಕರಗಿಸಿಕೊಳ್ಳುವುದು 1076 ಡಿಗ್ರಿ ಹತ್ತಿರ, ಅಲ್ಲಿಯೂ 0.7% ಒಳಗೇ. 1000 ಡಿಗ್ರಿಯಲ್ಲಿ ಸುಮಾರು 0.4%, 900ರಲ್ಲಿ ಅದರ ಅರ್ಧದಷ್ಟು. ಕರಗದೆ ಉಳಿದದ್ದು ದಪ್ಪ ಕಣಗಳಾಗಿ ಬಿದ್ದಿರುತ್ತದೆ. ಲೋಹದ ಹರಳು (ಗ್ರೇನ್) ಬೆಳೆಯದಂತೆ ತಡೆಯುವುದಷ್ಟೇ ಅದರ ಉಪಕಾರ. ಜಿರ್ಕೋನಿಯಂ ಪ್ರಮಾಣ ಚಿಕ್ಕದು, ಕೆಲಸ ದೊಡ್ಡದು. ಬಿಸಿಯಲ್ಲಿ ಹರಳಿನ ಗಡಿಗಳು ಬಿರುಕು ಬಿಡದಂತೆ ಕಾಯುತ್ತದೆ, ಮೆತ್ತಗಾಗುವ ತಾಪವನ್ನು ಮೇಲಕ್ಕೆ ತಳ್ಳುತ್ತದೆ.

ಸ್ಪ್ರಿಂಗಿನಂಥ ಬಲ ಬೇಕಿದ್ದು ವಾಹಕತೆ 40ರಿಂದ 50% ಸಾಕೆಂದರೆ ನಿಕಲ್-ಸಿಲಿಕಾನ್ ತಾಮ್ರ ನೋಡಿ. ಅಲ್ಲಿ ಕಣ ನಿಕಲ್ ಸಿಲಿಸೈಡ್, ಆದ್ದರಿಂದ ತೂಕದಲ್ಲಿ ನಿಕಲ್ ಸಿಲಿಕಾನ್‌ನ ಸುಮಾರು ನಾಲ್ಕು ಪಟ್ಟು ಇರಬೇಕು. ಸಿಲಿಕಾನ್ ಮಿಕ್ಕಿದರೆ ಜಾಲದಲ್ಲೇ ಉಳಿದು ವಾಹಕತೆ ತಿನ್ನುತ್ತದೆ. ಬೆರಿಲಿಯಂ ತಾಮ್ರದ ಬಲ 1100 ಎಂಪಿಎ (ಮೆಗಾಪಾಸ್ಕಲ್) ದಾಟಬಲ್ಲದು, ವಾಹಕತೆ ಮಾತ್ರ 22ರಿಂದ 28%. ಅದರ ದೂಳು ಶ್ವಾಸಕೋಶಕ್ಕೆ ವಾಸಿಯಾಗದ ಕಾಯಿಲೆ ತರುತ್ತದೆ. ದೂಳು ಎಳೆಯುವ ವ್ಯವಸ್ಥೆ ಇಲ್ಲದ ಕಡೆ ಅದನ್ನು ಒಣಗ್ರೈಂಡಿಂಗ್ ಮಾಡಲೇಬೇಡಿ.

ಎರಕ

ಸರಳು ಕೊಂಡು ತರುವವರು ಈ ಭಾಗ ಬಿಟ್ಟು ಮುಂದೆ ಹೋಗಬಹುದು, ಆದರೆ ಕೊಂಡ ಸರಳಿನ ದೋಷಗಳು ಹುಟ್ಟುವುದು ಇಲ್ಲೇ.

ಕ್ಯಾಥೋಡ್ ತಾಮ್ರವನ್ನೇ (ವಿದ್ಯುತ್ತಿನಿಂದ ಶುದ್ಧಿಮಾಡಿದ್ದು) ಹಾಕಿ. ಗುಜರಿಯ ತಂತಿಯಲ್ಲಿ 0.03% ಆಮ್ಲಜನಕ ಇದ್ದರೆ ಅದೊಂದೇ 0.085% ಜಿರ್ಕೋನಿಯಂ ತಿಂದುಹಾಕಬಲ್ಲದು, ಅಂದರೆ ನೀವು ಹಾಕುವುದರ ಬಹುಪಾಲು. ಆಮ್ಲಜನಕ ತೆಗೆಯಲೆಂದು ರಂಜಕ-ತಾಮ್ರ ಎಸೆದರೆ ಇನ್ನೊಂದು ತಪ್ಪು. ಉಳಿದ ರಂಜಕ ಏನು ಮಾಡುತ್ತದೆಂದು ಮೇಲೆ ನೋಡಿದ್ದೇವೆ. ಒಣಗಿಸಿದ ಇದ್ದಿಲನ್ನು ದಪ್ಪಗೆ ಮುಚ್ಚಿ, ಬೇಗ ಕರಗಿಸಿ.

ಕ್ರೋಮಿಯಂ ಕರಗುವುದು 1907 ಡಿಗ್ರಿಯಲ್ಲಿ. ಗಟ್ಟಿಯನ್ನು ನೇರ ಹಾಕಿದರೆ ಮೇಲೆ ತೇಲಿ ಆಕ್ಸೈಡ್ ಆಗುತ್ತದೆ. 10% ಕ್ರೋಮಿಯಂ ಇರುವ ಮಾಸ್ಟರ್ ಅಲಾಯ್ (ತಾಮ್ರದಲ್ಲಿ ಮೊದಲೇ ಬೆರೆಸಿಟ್ಟ ಗಟ್ಟಿ) ಬಳಸಿ. 50 ಕಿಲೋ ಒಟ್ಟು ಎರಕದಲ್ಲಿ 0.8% ಬೇಕೆಂದರೆ 400 ಗ್ರಾಂ ಕ್ರೋಮಿಯಂ, ಅಂದರೆ 4 ಕಿಲೋ ಮಾಸ್ಟರ್ ಅಲಾಯ್. ಹತ್ತರಲ್ಲೊಂದು ಪಾಲು ಸುಟ್ಟುಹೋಗುತ್ತದೆಂದು ಹಿಡಿದರೆ 4.4 ಕಿಲೋ. ಕರಗಿದ ಲೋಹ 1200ರಿಂದ 1250 ಡಿಗ್ರಿಯಲ್ಲಿರಲಿ. ಜಿರ್ಕೋನಿಯಂ ಕೊನೆಯದು. 0.1%ಗೆ 50 ಗ್ರಾಂ, ಅಂದರೆ 50% ಮಾಸ್ಟರ್ ಅಲಾಯ್ 100 ಗ್ರಾಂ. ನಷ್ಟ ಸೇರಿಸಿ 140 ಗ್ರಾಂನಿಂದ ಶುರುಮಾಡಿ, ಸ್ಪೆಕ್ಟ್ರೋಮೀಟರ್ (ಲೋಹದ ಬೆರಕೆ ಅಳೆಯುವ ಯಂತ್ರ) ಫಲಿತಾಂಶ ನೋಡಿ ಮುಂದಿನ ಎರಕಕ್ಕೆ ತಿದ್ದಿ. ತಾಮ್ರದ ಹಾಳೆಯಲ್ಲಿ ಸುತ್ತಿ ತಳಕ್ಕೆ ಅದುಮಿ, ಕೆಲವೇ ನಿಮಿಷದಲ್ಲಿ ಹೊಯ್ಯಿರಿ. ಕಲಕಲು ಗ್ರಾಫೈಟ್ ಕೋಲೇ ಆಗಬೇಕು. ಬರೀ ಕಬ್ಬಿಣದ ಸರಳು ಪ್ರತಿ ಸಲ ಸ್ವಲ್ಪ ಕರಗಿ ಕುಲುಮೆಯ ಲೋಹವನ್ನು ಕೆಡಿಸುತ್ತದೆ.

ಎರಕದ ಗಟ್ಟಿಯನ್ನು 900ರಿಂದ 950 ಡಿಗ್ರಿಯಲ್ಲಿ ಬಡಿದು ಅಥವಾ ಅಚ್ಚಿನ ತೂತಿನಿಂದ ನೂಕಿ, ಅಂದರೆ ಎಕ್ಸ್‌ಟ್ರೂಡ್ ಮಾಡಿ ಎರಕದ ಒರಟು ಹರಳು ಒಡೆಯಿರಿ.

ಕರಗಿಸುವ ಕಾವು

ಲೋಹ ಗಟ್ಟಿಯಾಗಿರುವಾಗಲೇ ಕ್ರೋಮಿಯಂ ಅನ್ನು ಅದರೊಳಗೆ ಕರಗಿಸುವ ಇದು ಸಲ್ಯೂಷನ್ ಟ್ರೀಟ್‌ಮೆಂಟ್. 980ರಿಂದ 1000 ಡಿಗ್ರಿ. 25 ಮಿಲಿಮೀಟರ್ ಸರಳಿಗೆ, ತುಂಡಿನ ಒಳಗೆ ಆ ತಾಪ ಮುಟ್ಟಿದ ಮೇಲೆ 30 ನಿಮಿಷ. 50 ಮಿಲಿಮೀಟರಿಗೆ ಒಂದು ಗಂಟೆ. ಥರ್ಮೋಕಪಲ್ (ತಾಪ ಅಳೆಯುವ ತಂತಿ) ಗೋಡೆಯಲ್ಲಿದ್ದರೆ ಅದು ಗೋಡೆಯ ತಾಪ ಹೇಳುತ್ತದೆ. ಒಂದು ಬಲಿತುಂಡಿಗೆ ತೂತು ಕೊರೆದು ಅದರೊಳಗೆ ಇನ್ನೊಂದನ್ನು ಇಡಿ. 950ಕ್ಕಿಂತ ಕೆಳಗೆ ನಿಂತರೆ ಸಾಕಷ್ಟು ಕ್ರೋಮಿಯಂ ಕರಗದು, ಮುಂದೆ ಕಣವಾಗಲು ಏನೂ ಇರದು. 1020 ಮೀರಿದರೆ ಹರಳು ಊದುತ್ತದೆ, ಬಗ್ಗಿಸಿದಾಗ ಮೇಲ್ಮೈ ಕಿತ್ತಳೆ ಸಿಪ್ಪೆಯಂತೆ ಒರಟಾಗುತ್ತದೆ.

ಗಾಳಿಯಲ್ಲಿ ಕಾಯಿಸಬೇಡಿ. ಕಪ್ಪು ಪೊರೆ ಕಾಣುವ ನಷ್ಟ. ಅದರ ಕೆಳಗೆ ಆಮ್ಲಜನಕ ಒಳನುಗ್ಗಿ ಕ್ರೋಮಿಯಂ, ಜಿರ್ಕೋನಿಯಂಗಳನ್ನು ಆಕ್ಸೈಡ್ ಮಾಡಿ ಕಟ್ಟಿಹಾಕುವುದು ಕಾಣದ ನಷ್ಟ. ಆರ್ಗಾನ್ ಇದ್ದರೆ ಒಳ್ಳೆಯದು. ಇಲ್ಲವಾದರೆ ಮುಚ್ಚಳವಿರುವ ಉಕ್ಕಿನ ಡಬ್ಬದಲ್ಲಿ ಇದ್ದಿಲ ಪುಡಿ ತುಂಬಿ ಅದರಲ್ಲಿ ಹೂತಿಡಿ, ಆಮೇಲೆ ಮೇಲ್ಮೈಯಿಂದ 1 ಮಿಲಿಮೀಟರ್ ತೆಗೆಯುವಷ್ಟು ಗಾತ್ರ ಬಿಟ್ಟುಕೊಂಡಿರಿ. ಡಬ್ಬ ಬಳಸಿದರೆ ಇನ್ನೊಂದು ಎಚ್ಚರ ಬೇಕು: ತೆರೆದು ತುಂಡು ತೆಗೆಯುವಷ್ಟರಲ್ಲಿ ತಾಪ ಇಳಿದಿರುತ್ತದೆ.

ಕುಲುಮೆಯ ಬಾಯಿಂದ ನೀರಿಗೆ ಐದು ಸೆಕೆಂಡು, ಹೆಚ್ಚೆಂದರೆ ಹತ್ತು. ನೀರಿನ ತೊಟ್ಟಿ ಕುಲುಮೆಯ ಕಾಲ ಬುಡದಲ್ಲೇ ಇರಲಿ. ತಣ್ಣೀರು, ಕಲಕುತ್ತಿರುವ ನೀರು. ಸರಳುಗಳನ್ನು ಕಟ್ಟಾಗಿ ಮುಳುಗಿಸಿದರೆ ನಡುವಿನದು ಹಬೆಯ ಹೊದಿಕೆಯಲ್ಲಿ ನಿಧಾನ ಆರುತ್ತದೆ, ಬಿಡಿಬಿಡಿಯಾಗಿ ಹಾಕಿ.

ನೀರಿನಿಂದ ತೆಗೆದ ತುಂಡನ್ನು ಮುಂದಕ್ಕೆ ಕಳಿಸುವ ಮೊದಲು ಅಳೆಯಿರಿ. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. 0.4% ಕ್ರೋಮಿಯಂ ಕರಗಿದ್ದರೆ ರೋಧಶೀಲತೆ 1.72ಕ್ಕೆ 1.96 ಕೂಡಿ 3.68, ಅಂದರೆ ಸುಮಾರು 47% ಐಎಸಿಎಸ್. ಅಳತೆ 40ರಿಂದ 50ರ ನಡುವೆ, ಗಡಸು 60ರಿಂದ 75 ಎಚ್‌ವಿ ಬಂದರೆ ಕೆಲಸ ಸರಿಯಾಗಿದೆ. ಇಲ್ಲಿ ವಾಹಕತೆ ಕಡಿಮೆ ಇರುವುದೇ ಶುಭ ಲಕ್ಷಣ. 60% ತೋರಿಸಿದರೆ ಕ್ರೋಮಿಯಂ ಕರಗಿಲ್ಲ, ಅಥವಾ ಆರುವಾಗಲೇ ದಪ್ಪಗೆ ಹೊರಬಂದಿದೆ. ಅಂಥದ್ದನ್ನು ಕಣ ಹೊರತರುವ ಕಡಿಮೆ ಕಾವಿನ ಹಂತವಾದ ಏಜಿಂಗ್‌ಗೆ ಹಾಕಿ ಕರೆಂಟು ಸುಡಬೇಡಿ.

ತಣ್ಣಗೆ ಎಳೆಯುವುದು

30ರಿಂದ 50% ಕ್ಷೇತ್ರಫಲ ಕಡಿಮೆಯಾಗಲಿ. 20 ಮಿಲಿಮೀಟರ್ ಸರಳನ್ನು 16ಕ್ಕೆ ಎಳೆದರೆ 36%. ಇದರಿಂದ ಲೋಹ ನೇರವಾಗಿ ಗಡಸಾಗುತ್ತದೆ, ಜೊತೆಗೆ ಹೊಸದಾಗಿ ಹುಟ್ಟಿದ ಡಿಸ್‌ಲೊಕೇಶನ್‌ಗಳು ಕಣಗಳು ಮೊಳೆಯಲು ಜಾಗ ಕೊಡುತ್ತವೆ. ವಾಹಕತೆಯ ನಷ್ಟ ಒಂದೆರಡು ಶೇಕಡಾ ಅಂಶ ಮಾತ್ರ. ಟಿಪ್‌ನ ಆಕಾರಕ್ಕೆ ತಣ್ಣಗೆ ಒತ್ತುವುದಿದ್ದರೂ ಈ ಹಂತದಲ್ಲೇ ಒತ್ತಿ. ನೀರಿನಿಂದ ಬಂದ ಲೋಹ ಬೆಣ್ಣೆಯಂತೆ ಮಣಿಯುತ್ತದೆ.

ಏಜಿಂಗ್

ಎಳೆಯದ ತುಂಡಿಗೆ 475 ಡಿಗ್ರಿಯಲ್ಲಿ 3 ಗಂಟೆ. ಎಳೆದ ಸರಳಿಗೆ 440ರಿಂದ 460 ಡಿಗ್ರಿ, 2ರಿಂದ 3 ಗಂಟೆ. ಅಲ್ಲಿ ಕಣ ಬೇಗ ಹುಟ್ಟುವುದರಿಂದ 475ರಲ್ಲಿ ಹದ ಬೇಗ ದಾಟಿಹೋಗುತ್ತದೆ. ಕುಲುಮೆ 5 ಡಿಗ್ರಿ ಹೆಚ್ಚುಕಡಿಮೆಯೊಳಗೆ ನಿಲ್ಲಬೇಕು. ಗಂಟೆ ಎಣಿಸುವುದು ಸರಳಿನ ರಾಶಿಯ ನಡುವಿನ ಥರ್ಮೋಕಪಲ್ ಆ ತಾಪ ತೋರಿಸಿದ ಕ್ಷಣದಿಂದ. ದೊಡ್ಡ ರಾಶಿಗೆ ಅದು ಗಂಟೆಗಟ್ಟಲೆ ತಡವಾಗಬಹುದು.

ನಿಮ್ಮ ಕುಲುಮೆ, ನಿಮ್ಮ ಬೆರಕೆಗೆ ಸರಿಯಾದ ಹೊತ್ತು ಯಾವ ಪುಸ್ತಕವೂ ಹೇಳದು, ಒಮ್ಮೆ ಪತ್ತೆಮಾಡಿಕೊಳ್ಳಬೇಕು. ಅದೇ ರಾಶಿಯ ಸರಳಿನಿಂದ 15 ಮಿಲಿಮೀಟರ್ ಉದ್ದದ ಆರು ತುಂಡು ಕತ್ತರಿಸಿ ಸಂಖ್ಯೆ ಹೊಡೆಯಿರಿ. ಎಲ್ಲವನ್ನೂ ಕುಲುಮೆಗೆ ಹಾಕಿ ಅರ್ಧ, 1, 2, 3, 4, 6 ಗಂಟೆಗೆ ಒಂದೊಂದು ತೆಗೆಯಿರಿ. ಪ್ರತಿಯೊಂದರ ಗಡಸು, ವಾಹಕತೆ ಅಳೆದು ಒಂದೇ ಹಾಳೆಯ ಮೇಲೆ ಎರಡು ಗೆರೆ ಎಳೆಯಿರಿ. ಗಡಸಿನ ಗೆರೆ ಗುಡ್ಡದಂತೆ ಏರಿ ಇಳಿಯುತ್ತದೆ, ವಾಹಕತೆಯ ಗೆರೆ ಏರಿ ಚಪ್ಪಟೆಯಾಗುತ್ತದೆ. ಟಿಪ್‌ಗೆ ಗುಡ್ಡದ ತುದಿಯಲ್ಲ, ತುದಿ ದಾಟಿ ಸ್ವಲ್ಪವೇ ಇಳಿದ ಜಾಗ ಒಳ್ಳೆಯದು: ನಾಲ್ಕೈದು ಎಚ್‌ವಿ ಬಿಟ್ಟುಕೊಟ್ಟು ಎರಡು ಮೂರು ಅಂಶ ವಾಹಕತೆ ಗಳಿಸುತ್ತೀರಿ.

ಕೊನೆಗೆ ಸಿಗಬೇಕಾದ್ದು: ಎಳೆಯದ ತುಂಡಿನಲ್ಲಿ 110ರಿಂದ 140 ಎಚ್‌ವಿ, ಎಳೆದದ್ದರಲ್ಲಿ 150ರ ಆಸುಪಾಸು, ವಾಹಕತೆ 75%ಗೆ ಕಡಿಮೆಯಿಲ್ಲದೆ, ಒಳ್ಳೆಯ ಕೆಲಸದಲ್ಲಿ 80 ದಾಟಿ. ಏಜಿಂಗ್ ನಂತರ ನೀರಿಗೆ ಹಾಕುವ ಅಗತ್ಯವಿಲ್ಲ. ಗಾಳಿಯಲ್ಲೋ ಕುಲುಮೆಯೊಳಗೋ ಆರಲಿ.

ಅಳತೆಯಲ್ಲಿ ಮೋಸಹೋಗದಿರಲು

ಎಡ್ಡಿ ಕರೆಂಟ್ ಮೀಟರ್ (ಲೋಹದೊಳಗೆ ಸುಳಿ ವಿದ್ಯುತ್ತು ಹುಟ್ಟಿಸಿ ವಾಹಕತೆ ಅಳೆಯುವುದು) ಕೈಯಲ್ಲಿ ಹಿಡಿದು ಒತ್ತಿದರೆ ಅಂಕಿ ಕೊಡುತ್ತದೆ, ಆದರೆ 60 ಕಿಲೋಹರ್ಟ್ಸ್‌ನಲ್ಲಿ ಅದರ ವಿದ್ಯುತ್ತು ಇಳಿಯುವ ಆಳ ಸುಮಾರು 0.3 ಮಿಲಿಮೀಟರ್ ಅಷ್ಟೇ. ತುಂಡು 1 ಮಿಲಿಮೀಟರಿಗಿಂತ ದಪ್ಪವಿರಬೇಕು, ಮೇಲ್ಮೈ ಸಪಾಟಾಗಿ, ಪೊರೆಯಿಲ್ಲದೆ ಹೊಳೆಯಬೇಕು. ದುಂಡು ಸರಳಿನ ಹೊಟ್ಟೆಯ ಮೇಲಲ್ಲ, ಕತ್ತರಿಸಿದ ಮುಖದ ಮೇಲೆ ಅಳೆಯಿರಿ.

ತಾಪ ಇನ್ನೂ ದೊಡ್ಡ ಕಳ್ಳ. 20 ಡಿಗ್ರಿಯಲ್ಲಿ 80% ಇರುವ ತುಂಡು 35 ಡಿಗ್ರಿಯಲ್ಲಿ 76.4% ತೋರಿಸುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ತಗಡಿನ ಸೂರಿನ ಕೆಳಗೆ ಇದಕ್ಕಿಂತ ಹೆಚ್ಚೇ ಬಿಸಿ. ಒಳ್ಳೆಯ ಮಾಲು ಅಲ್ಲಿ ನಪಾಸಾಗುತ್ತದೆ. ಮೀಟರಿನ ಮಾನದಂಡದ ತುಂಡು, ಅಳೆಯುವ ತುಂಡು ಎರಡನ್ನೂ ಒಂದೇ ಮೇಜಿನ ಮೇಲೆ ಒಂದು ಗಂಟೆ ಇಟ್ಟು ಆಮೇಲೆ ಅಳೆಯಿರಿ, ತಾಪವನ್ನೂ ಬರೆದಿಡಿ.

ಮೀಟರ್ ಇಲ್ಲದವರಿಗೂ ದಾರಿಯಿದೆ. ಅದೇ ಲೋಹವನ್ನು 2 ಮಿಲಿಮೀಟರ್ ತಂತಿಯಾಗಿ ಎಳೆದು ಜೊತೆಗೇ ಏಜಿಂಗ್ ಮಾಡಿ. ತುದಿಗಳಿಂದ 5 ಆಂಪಿಯರ್ ಹರಿಸಿ, ಒಳಬದಿಯಲ್ಲಿ ಸರಿಯಾಗಿ 1 ಮೀಟರ್ ಅಂತರದ ಎರಡು ಚೂಪು ಮೊನೆಗಳಲ್ಲಿ ವೋಲ್ಟೇಜ್ ಅಳೆಯಿರಿ. 100% ತಾಮ್ರಕ್ಕೆ 27.4 ಮಿಲಿವೋಲ್ಟ್, 80%ಗೆ 34.3, 75%ಗೆ 36.6. ವಿದ್ಯುತ್ತಿನ ದಿಕ್ಕು ಬದಲಿಸಿ ಇನ್ನೊಮ್ಮೆ ಅಳೆದು ಸರಾಸರಿ ತೆಗೆಯಿರಿ. ತಂತಿಯ ವ್ಯಾಸವನ್ನು ಮೈಕ್ರೋಮೀಟರಿನಲ್ಲಿ ಹತ್ತು ಕಡೆ ನೋಡಿ; ವ್ಯಾಸದಲ್ಲಿ 1% ತಪ್ಪಿದರೆ ಉತ್ತರದಲ್ಲಿ 2% ತಪ್ಪುತ್ತದೆ.

ಎರಡು ಅಂಕಿಗಳಿಂದ ರೋಗ ಹಿಡಿಯುವುದು

ಗಡಸು 100 ಎಚ್‌ವಿ, ವಾಹಕತೆ 65%: ಹದ ಇನ್ನೂ ಬಂದಿಲ್ಲ. ಹೆದರಬೇಕಾಗಿಲ್ಲ, ಮತ್ತೆ ಒಂದು ಗಂಟೆ ಕುಲುಮೆಗೆ ಹಾಕಿ. ಎರಡೂ ಏರಿದರೆ ರೋಗನಿರ್ಣಯ ಸರಿ.

ಗಡಸು 100, ವಾಹಕತೆ 88%: ಇಲ್ಲಿ ಎರಡು ಕಾರಣಗಳಿರಬಹುದು. ನೀರಿನಿಂದ ತೆಗೆದಾಗಿನ ಅಳತೆ ಬರೆದಿಟ್ಟಿದ್ದರೆ ಈಗ ಅದು ಉಪಯೋಗಕ್ಕೆ ಬರುತ್ತದೆ. ಆಗ 43 ಇತ್ತೆಂದರೆ ಏಜಿಂಗ್ ಅತಿಯಾಗಿ ಕಣ ದಪ್ಪವಾಗಿದೆ. ಆಗಲೇ 60 ಇತ್ತೆಂದರೆ ಕರಗಿಸುವ ಕಾವಿನಲ್ಲೋ ನೀರಿಗೆ ಹಾಕುವುದರಲ್ಲೋ ತಪ್ಪಿದೆ. ಬರೆದಿಡದಿದ್ದರೆ ಎರಡನ್ನೂ ಬಿಡಿಸುವುದು ಕಷ್ಟ.

ಗಡಸು 145, ವಾಹಕತೆ 66%, ಇನ್ನೆರಡು ಗಂಟೆ ಕಾಯಿಸಿದರೂ ಕದಲದು: ಕಲ್ಮಶ. ಲೆಕ್ಕ ಹಾಕಿ ನೋಡಿ. 66% ಅಂದರೆ 2.61 ಮೈಕ್ರೋಓಮ್-ಸೆಂಟಿಮೀಟರ್, ಇರಬೇಕಾದ 80% ಅಂದರೆ 2.155. ಮಿಕ್ಕ 0.457ನ್ನು ರಂಜಕವೇ ಮಾಡಿದ್ದರೆ 0.032% ಸಾಕು, ಸಿಲಿಕಾನ್ ಆದರೆ 0.065%. ಸ್ಪೆಕ್ಟ್ರೋಮೀಟರಿಗೆ ಕಳಿಸುವಾಗ ಈ ಎರಡರ ಜೊತೆ ಕಬ್ಬಿಣವನ್ನೂ ನೋಡಲು ಹೇಳಿ. ಇದಕ್ಕೆ ಕುಲುಮೆಯಲ್ಲಿ ಮದ್ದಿಲ್ಲ.

ಹೊರಮೈ ಮೇಲಿಟ್ಟ ಮೀಟರ್ 85% ಹೇಳುತ್ತದೆ, ಮೇಲ್ಮೈ 80 ಎಚ್‌ವಿ, ಆದರೆ ಅಡ್ಡ ಕತ್ತರಿಸಿದ ಮುಖದ ನಡುವೆ 140: ಒಳನುಗ್ಗಿದ ಆಮ್ಲಜನಕ. ಹೊರಪದರದ ಕ್ರೋಮಿಯಂ ಆಕ್ಸೈಡಾಗಿ ಜಾಲದಿಂದ ಹೊರಬಿದ್ದಿರುವುದರಿಂದ ಅಲ್ಲಿ ವಾಹಕತೆ ಹೆಚ್ಚು, ಬಲ ಕಡಿಮೆ. ಮೀಟರ್ ನೋಡುವುದು ಆ 0.3 ಮಿಲಿಮೀಟರನ್ನೇ. ಲೇತಿನಲ್ಲಿ 1 ಮಿಲಿಮೀಟರ್ ತೆಗೆದು ಮತ್ತೆ ಅಳೆಯಿರಿ. ಅನುಮಾನ ಬಂದ ಯಾವ ಸರಳಿಗೂ ಇದೇ ಮೊದಲ ಪರೀಕ್ಷೆಯಾಗಲಿ.

ಒಂದೇ ರಾಶಿಯಲ್ಲಿ ಕೆಲವು 120, ಕೆಲವು 150 ಬಂದರೆ ಲೋಹ ಬೈಯಬೇಡಿ. ಕುಲುಮೆಯಲ್ಲಿ ಒತ್ತೊತ್ತಿ ತುಂಬಿದ್ದೀರಿ, ಬಿಸಿಗಾಳಿ ಸುಳಿಯಲು ಜಾಗವಿಲ್ಲ.

ಹದಗೊಂಡ ಮೇಲೆ ಕೆಡಿಸುವುದು

ಈ ತಾಮ್ರ ಸುಮಾರು 500 ಡಿಗ್ರಿವರೆಗೆ ಗಡಸು ಹಿಡಿದಿಡುತ್ತದೆ. ಟಿಪ್‌ನೊಳಗೆ ನೀರು ಸರಿಯಾಗಿ ಹರಿಯದಿದ್ದರೆ ಮೂತಿ ಅದನ್ನು ದಾಟುತ್ತದೆ, ಕಣ ದಪ್ಪವಾಗುತ್ತದೆ, ಮೂತಿ ಅರಳುತ್ತದೆ. ಹೋಲ್ಡರಿಗೆ ಬೆಳ್ಳಿಯ ಬ್ರೇಜಿಂಗ್ (ಬೆಳ್ಳಿ ಬೆರಕೆಯ ಗಟ್ಟಿ ಬೆಸುಗೆ) ಮಾಡುವುದಂತೂ 600 ಡಿಗ್ರಿಗೂ ಮೇಲಿನ ಕೆಲಸ. ಹಿಡಿಕೆಯ ಬದಿಯಲ್ಲಿ ನಿಮಿಷಗಳಲ್ಲೇ ಹದ ಹೋಗುತ್ತದೆ. ಬ್ರೇಜಿಂಗ್ ತಪ್ಪದಿದ್ದರೆ ಜೋಡಣೆಯನ್ನು ಬಲ ಬೇಡದ ಜಾಗಕ್ಕೆ ಸರಿಸಿ, ಮೂತಿಯನ್ನು ನೀರಲ್ಲಿ ಮುಳುಗಿಸಿಟ್ಟು ಬೇಗ ಮುಗಿಸಿ. ಮೆದು ಸೋಲ್ಡರಿನ ತಾಪ ಏನೂ ಮಾಡದು.

ಹೀಗೆ ಕೆಟ್ಟದ್ದನ್ನು ಮತ್ತೆ 475ಕ್ಕೆ ಹಾಕಿ ಸರಿಪಡಿಸಲಾಗದು, ದಪ್ಪಗಾದ ಕಣ ಅಲ್ಲಿ ಕರಗುವುದಿಲ್ಲ. 980 ಡಿಗ್ರಿಯಿಂದಲೇ ಮತ್ತೆ ಶುರುಮಾಡಬೇಕು. ಆಗ ತಣ್ಣಗೆ ಎಳೆದು ಗಳಿಸಿದ ಗಡಸು ಪೂರ್ತಿ ಅಳಿಸಿಹೋಗುತ್ತದೆ. ಮತ್ತೆ ಎಳೆಯಲು ಗಾತ್ರ ಉಳಿದಿಲ್ಲವಾದರೆ 110ರಿಂದ 140 ಎಚ್‌ವಿಗೇ ಒಪ್ಪಿಕೊಂಡು ಆ ತುಂಡನ್ನು ಹಗುರ ಒತ್ತಡದ ಕೆಲಸಕ್ಕೆ ಬದಿಗಿಡಿ.